ಮನೆಯ ಹಿರಿಯರ ಭಾವಚಿತ್ರಕ್ಕೆ ಮಿತವ್ಯಯದ ಪ್ರೈಮ್ ಲೆನ್ಸ್: ಆಯ್ಕೆಗೊಂದು ಕೈಪಿಡಿ

ನಮ್ಮ ಜಾಲತಾಣದ ಶ್ರದ್ಧಾಂಜಲಿ ಅಂಕಣಕ್ಕೆ ಬರುವ ಛಾಯಾಚಿತ್ರಗಳನ್ನು ಕಂಡಾಗಲೆಲ್ಲ ಒಂದು ವಿಷಾದ ನಮ್ಮನ್ನು ಕಾಡುತ್ತದೆ. ನಾಲ್ಕು ದಶಕ ಈ ಮಹಾನಗರದಲ್ಲಿ ದುಡಿದು, ಮಕ್ಕಳನ್ನು ಓದಿಸಿ, ಸಂಘದ ಕೆಲಸಕ್ಕೂ ಹೆಗಲು ಕೊಟ್ಟ ಹಿರಿಯರೊಬ್ಬರು ಅಗಲಿದಾಗ ಮನೆಯವರು ಕಳುಹಿಸುವ ಚಿತ್ರವು ಹೆಚ್ಚಾಗಿ ಯಾವುದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ತೆಗೆದದ್ದಾಗಿರುತ್ತದೆ. ಒಂದು ಬದಿಯಲ್ಲಿ ಬೇರೊಬ್ಬರ ಭುಜ, ಇನ್ನೊಂದು ಬದಿಯಲ್ಲಿ ಯಾರದೋ ಸೀರೆಯ ಸೆರಗು, ನಡುವೆ ಫ್ಲ್ಯಾಷ್ ಬೆಳಕಿಗೆ ಬಿಳಿಚಿಕೊಂಡ ಮುಖ. ಹಾಗೆಂದು ಆ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ಎಷ್ಟೋ ಮನೆಗಳ ಕಪಾಟಿನಲ್ಲಿ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಒಂದು ಚೀಲದೊಳಗೆ ಸುಮ್ಮನೆ ಕುಳಿತಿರುತ್ತದೆ. ಪ್ರವಾಸಕ್ಕೆ ಹೊರಬಂದ ಅದು ಅಪ್ಪ ಅಮ್ಮಂದಿರ ಮುಂದೆ ಒಂದು ಅರ್ಧ ಗಂಟೆಯೂ ನಿಂತಿರುವುದಿಲ್ಲ.

ಅಂತಹ ಕ್ಯಾಮೆರಾಕ್ಕೆ ಮಿತವಾದ ಖರ್ಚಿನಲ್ಲಿ ಒಂದು ಪ್ರೈಮ್ ಲೆನ್ಸನ್ನು ಜೋಡಿಸಿದರೆ ಮನೆಯ ಕಿಟಕಿಯ ಬೆಳಕಿನಲ್ಲಿಯೇ ಗೋಡೆಯ ಮೇಲೆ ಕಟ್ಟುಹಾಕಿಸಿ ಇಡಬಹುದಾದ ಭಾವಚಿತ್ರವನ್ನು ತೆಗೆಯಲು ಸಾಧ್ಯ. ಆದರೆ ಯಾವ ಲೆನ್ಸ್ ಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಅಂಗಡಿಯವರ ಮಾತು, ಸ್ನೇಹಿತರ ಮಾತು, ಜಾಹೀರಾತಿನ ಮಾತು ಎಲ್ಲವೂ ಬೇರೆಬೇರೆ ದಿಕ್ಕಿಗೆ ಎಳೆಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ನಿರ್ಧರಿಸುವವು ಎರಡೇ ಸಂಗತಿಗಳು. ಮೊದಲನೆಯದು ನಿಮ್ಮ ಕ್ಯಾಮೆರಾದ ಸೆನ್ಸರಿನ ಅಳತೆ, ಎರಡನೆಯದು ನಿಮ್ಮ ಮನೆಯಲ್ಲಿ ನೀವು ಹಿಂದಕ್ಕೆ ಸರಿದು ನಿಲ್ಲಬಹುದಾದ ದೂರ. ಇವೆರಡನ್ನೂ ಅಳೆದುಕೊಂಡವರಿಗೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ.

ಪ್ರೈಮ್ ಲೆನ್ಸ್ ಎಂದರೇನು?

ಝೂಮ್ ಲೆನ್ಸಿನಲ್ಲಿ ಫೋಕಲ್ ಲೆಂತ್, ಅಂದರೆ ನಮ್ಮ ಶಾಲಾ ಪಠ್ಯಗಳು ಸಂಗಮದೂರವೆಂದು ಕರೆಯುವ ಅಳತೆಯನ್ನು, ಉಂಗುರ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಕ್ಯಾಮೆರಾದೊಂದಿಗೆ ಸಾಮಾನ್ಯವಾಗಿ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಈ ಬಗೆಯದು. ಪ್ರೈಮ್ ಲೆನ್ಸಿನಲ್ಲಿ ಸಂಗಮದೂರ ಒಂದೇ. ದೃಶ್ಯವನ್ನು ಹಿಗ್ಗಿಸಬೇಕಾದರೆ ಅಥವಾ ಕುಗ್ಗಿಸಬೇಕಾದರೆ ಛಾಯಾಗ್ರಾಹಕನೇ ಮುಂದಕ್ಕೋ ಹಿಂದಕ್ಕೋ ನಡೆಯಬೇಕು. ಈ ಅನನುಕೂಲಕ್ಕೆ ಪ್ರತಿಯಾಗಿ ದೊರೆಯುವ ಲಾಭ ದೊಡ್ಡದು: ಕಡಿಮೆ ಬೆಲೆಯಲ್ಲಿ ಹೆಚ್ಚು ಬೆಳಕು.

ಲೆನ್ಸಿನ ಮೇಲೆ ಎಫ್/1.8, ಎಫ್/5.6 ಎಂದು ಬರೆದಿರುವ ಸಂಖ್ಯೆಯು ಬೆಳಕು ಒಳಬರುವ ಕಿಂಡಿಯ, ಅಂದರೆ ಅಪರ್ಚರಿನ ಹಿಗ್ಗನ್ನು ಹೇಳುತ್ತದೆ. ಸಂಗಮದೂರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ವ್ಯಾಸ ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಎಂದರೆ ಸುಮಾರು 28 ಮಿ.ಮೀ. ವ್ಯಾಸ, ಎಫ್/5.6 ಎಂದರೆ ಸುಮಾರು 9 ಮಿ.ಮೀ. ಮಾತ್ರ. ಆದುದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಿಟ್ ಲೆನ್ಸನ್ನು 50 ಮಿ.ಮೀ. ಆಸುಪಾಸಿನಲ್ಲಿ ಬಳಸುವಾಗ ಅದರ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಸ್ಥಳದಲ್ಲಿ ಎಫ್/1.8 ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 13ನೇ ಒಂದು ಭಾಗದಷ್ಟು ಕಾಲ ಷಟರ್ ತೆರೆದಿರಬೇಕಾದಲ್ಲಿ ಇಲ್ಲಿ 125ನೇ ಒಂದು ಭಾಗ ಸಾಕು. ಕೈ ನಡುಗಿ, ಅಥವಾ ಎದುರಿಗಿರುವವರು ತಲೆ ಅಲುಗಿಸಿ ಚಿತ್ರ ಕೆಡುವುದಕ್ಕೂ ಕೆಡದಿರುವುದಕ್ಕೂ ಇರುವ ಅಂತರ ಇಷ್ಟೇ.

ಭಾವಚಿತ್ರಕ್ಕೆ ಹೆಚ್ಚು ಬೆಳಕು ಬೇಕೆಂಬ ಅರಿವು ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಅಂದಿನ ಲೆನ್ಸುಗಳಲ್ಲಿ ಮನುಷ್ಯರು ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬೇಕಾಗಿತ್ತು. ಮರುವರ್ಷವೇ, 1840ರಲ್ಲಿ, ವಿಯೆನ್ನಾದಲ್ಲಿದ್ದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಕ್ಕೆಂದೇ ಲೆಕ್ಕ ಹಾಕಿ ಒಂದು ಲೆನ್ಸನ್ನು ರೂಪಿಸಿದರು. ಫಾಯ್ಕ್‌ಲೆಂಡರ್ ಸಂಸ್ಥೆ ಅದನ್ನು ತಯಾರಿಸಿತು. ಹಿಂದಿನ ಲೆನ್ಸುಗಳಿಗಿಂತ ಹಲವು ಪಟ್ಟು ಬೆಳಕನ್ನು ಅದು ಒಳಬಿಡುತ್ತಿದ್ದುದರಿಂದ ಕುಳಿತಿರಬೇಕಾದ ಅವಧಿ ಬಹಳ ತಗ್ಗಿತು. ಇಂದು ನಾವು ಕೊಳ್ಳುವ ಅಗ್ಗದ 50 ಮಿ.ಮೀ. ಲೆನ್ಸು ಬೆಳಕಿನ ವಿಷಯದಲ್ಲಿ ಆ ಲೆನ್ಸಿಗಿಂತ ಬಹಳ ಮುಂದಿದೆ.

ಮುಖದ ಸಹಜತೆ ದೂರವನ್ನು ಅವಲಂಬಿಸಿದೆ

ಭಾವಚಿತ್ರಕ್ಕೆ 85 ಮಿ.ಮೀ. ಲೆನ್ಸೇ ಬೇಕೆಂದು ಹೇಳುವುದನ್ನು ಎಲ್ಲರೂ ಕೇಳಿರುತ್ತಾರೆ. ಇದರ ಕಾರಣವನ್ನು ತಿಳಿದರೆ ಹಣ ಉಳಿಯುತ್ತದೆ. ಮುಖದ ಆಕಾರವನ್ನು ಕೆಡಿಸುವುದು ಅಥವಾ ಉಳಿಸುವುದು ಲೆನ್ಸಲ್ಲ, ಕ್ಯಾಮೆರಾಕ್ಕೂ ಮುಖಕ್ಕೂ ನಡುವಿನ ದೂರ.

ಒಂದು ಲೆಕ್ಕವನ್ನು ನೋಡೋಣ. ಮೂಗಿನ ತುದಿಯಿಂದ ಕಿವಿಯವರೆಗಿನ ಆಳ ಸುಮಾರು 12 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಮೂಗಿನಿಂದ 50 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ಇದ್ದರೆ ಕಿವಿಯು 62 ಸೆಂ.ಮೀ. ದೂರದಲ್ಲಿರುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುವುದರಿಂದ ಕಿವಿಗೆ ಹೋಲಿಸಿದರೆ ಮೂಗು ಇರಬೇಕಾದುದಕ್ಕಿಂತ ಶೇಕಡಾ 24ರಷ್ಟು ದೊಡ್ಡದಾಗಿ ಮೂಡುತ್ತದೆ. ಅದೇ ಕ್ಯಾಮೆರಾವನ್ನು 2 ಮೀಟರ್ ದೂರಕ್ಕೆ ಒಯ್ದರೆ ವ್ಯತ್ಯಾಸ ಶೇಕಡಾ 6ಕ್ಕೆ ಇಳಿಯುತ್ತದೆ. ನಾವು ಎದುರುಬದುರು ಕುಳಿತು ಮಾತನಾಡುವಾಗ ನಮ್ಮ ಕಣ್ಣಿಗೆ ರೂಢಿಯಾಗಿರುವುದು ಸುಮಾರು ಒಂದೂವರೆ ಎರಡು ಮೀಟರ್ ದೂರದ ಮುಖ. ಆದುದರಿಂದಲೇ ಆ ದೂರದಿಂದ ತೆಗೆದ ಚಿತ್ರವನ್ನು ನೋಡಿ "ಇದು ನಮ್ಮ ಅಮ್ಮನ ಮುಖವೇ ಸರಿ" ಎನ್ನುತ್ತೇವೆ.

ಆದಕಾರಣ ಒಂದೂವರೆ ಮೀಟರಿನಿಂದ ಮೂರು ಮೀಟರಿನವರೆಗಿನ ದೂರದಲ್ಲಿ ನಿಂತಾಗ ನಮಗೆ ಬೇಕಾದಷ್ಟು ಭಾಗ, ಎದೆಯವರೆಗೋ ಸೊಂಟದವರೆಗೋ, ಚೌಕಟ್ಟನ್ನು ತುಂಬುವ ಲೆನ್ಸೇ ಭಾವಚಿತ್ರದ ಲೆನ್ಸ್. ಫಿಲ್ಮ್ ಕಾಲದ 35 ಮಿ.ಮೀ. ಕ್ಯಾಮೆರಾಗಳಲ್ಲಿ ಆ ಕೆಲಸವನ್ನು 85ರಿಂದ 105 ಮಿ.ಮೀ. ಲೆನ್ಸುಗಳು ಮಾಡುತ್ತಿದ್ದವು. ಅಂದಿನ ಮಾತು ಇಂದಿಗೂ ಹಾಗೆಯೇ ಉಳಿದುಬಂದಿದೆ, ಆದರೆ ಕ್ಯಾಮೆರಾದ ಒಳಗಿನ ಅಳತೆ ಬದಲಾಗಿದೆ.

ಸೆನ್ಸರಿನ ಅಳತೆಯನ್ನು ಮೊದಲು ತಿಳಿಯಿರಿ

ಫುಲ್ ಫ್ರೇಮ್ ಎಂದು ಕರೆಯುವ ಕ್ಯಾಮೆರಾಗಳ ಸೆನ್ಸರು ಹಳೆಯ ಫಿಲ್ಮಿನಷ್ಟೇ, ಅಂದರೆ 36 x 24 ಮಿ.ಮೀ. ಅಳತೆಯದು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಮಧ್ಯಮ ಬೆಲೆಯ ಕ್ಯಾಮೆರಾಗಳಲ್ಲಿ ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರು ಇರುತ್ತದೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳಲ್ಲಿ ಇದರ ಉದ್ದ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3 ಮಿ.ಮೀ. ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಬಳಸಿದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರು ಇನ್ನೂ ಚಿಕ್ಕದು.

ಸೆನ್ಸರು ಚಿಕ್ಕದಾದಾಗ ಲೆನ್ಸ್ ಮೂಡಿಸುವ ಬಿಂಬದ ನಡುಭಾಗ ಮಾತ್ರ ಚಿತ್ರವಾಗುತ್ತದೆ, ಅಂಚುಗಳು ಕತ್ತರಿಸಿಹೋಗುತ್ತವೆ. ಆದಕಾರಣ ಅದೇ ಲೆನ್ಸು ಹೆಚ್ಚು ದೂರದ ಲೆನ್ಸಿನಂತೆ ವರ್ತಿಸುತ್ತದೆ. ಫುಲ್ ಫ್ರೇಮಿಗೆ ಹೋಲಿಸುವಾಗ ಸಂಗಮದೂರವನ್ನು ನಿಕಾನ್, ಸೋನಿ, ಫ್ಯೂಜಿ ಎಪಿಎಸ್-ಸಿಗಳಲ್ಲಿ 1.5ರಿಂದ, ಕ್ಯಾನನ್ ಎಪಿಎಸ್-ಸಿಯಲ್ಲಿ 1.6ರಿಂದ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2ರಿಂದ ಗುಣಿಸಬೇಕು. ಹೀಗೆ 50 ಮಿ.ಮೀ. ಲೆನ್ಸು ಎಪಿಎಸ್-ಸಿ ಕ್ಯಾಮೆರಾದಲ್ಲಿ 75 ಅಥವಾ 80 ಮಿ.ಮೀ. ಲೆನ್ಸಿನ ನೋಟವನ್ನು ಕೊಡುತ್ತದೆ. ಎಲ್ಲ ಕಂಪೆನಿಗಳ ಪಟ್ಟಿಯಲ್ಲೂ ಬಹುಮಟ್ಟಿಗೆ ಅತ್ಯಂತ ಅಗ್ಗದ ಲೆನ್ಸುಗಳಲ್ಲಿ ಒಂದಾದ 50 ಮಿ.ಮೀ. ಎಫ್/1.8, ನಮ್ಮ ಮನೆಗಳಲ್ಲಿರುವ ಸಾಮಾನ್ಯ ಕ್ಯಾಮೆರಾಗಳಿಗೆ ಅತ್ಯುತ್ತಮ ಭಾವಚಿತ್ರ ಲೆನ್ಸೂ ಆಗಿರುವುದು ಈ ಲೆಕ್ಕದಿಂದಲೇ.

ಇನ್ನು ಮನೆಯ ಹಾಲನ್ನು ಅಳೆಯಿರಿ

ಮಹಾನಗರದ ಫ್ಲಾಟಿನಲ್ಲಿ ಜಾಗವೇ ದುಬಾರಿ. ಹಾಲ್ 15 ಅಡಿ, ಅಂದರೆ ಸುಮಾರು ನಾಲ್ಕೂವರೆ ಮೀಟರ್ ಉದ್ದವಿದೆಯೆಂದು ಭಾವಿಸೋಣ. ಗೋಡೆಯ ನೆರಳು, ಕ್ಯಾಲೆಂಡರು, ಸ್ವಿಚ್ ಬೋರ್ಡು ಕಾಣದಿರಲು ಕುಳಿತವರನ್ನು ಹಿಂಗೋಡೆಯಿಂದ ಒಂದು ಮೀಟರ್ ಮುಂದಕ್ಕೆ ಕೂರಿಸಬೇಕು. ಛಾಯಾಗ್ರಾಹಕನಿಗೂ ನಿಲ್ಲಲು ಅರ್ಧ ಮೀಟರ್ ಬೇಕು. ಉಳಿಯುವುದು ಮೂರು ಮೀಟರ್. ಈ ಮೂರು ಮೀಟರಿನಲ್ಲಿ ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಯಾವ ಲೆನ್ಸ್ ಎಷ್ಟು ಎತ್ತರವನ್ನು ತೋರಿಸುತ್ತದೆ ಎಂಬ ಲೆಕ್ಕ ಹೀಗಿದೆ:

ಎಪಿಎಸ್-ಸಿ, 35 ಮಿ.ಮೀ.: ಸುಮಾರು 2 ಮೀಟರ್. ನಿಂತ ವ್ಯಕ್ತಿಯ ಪೂರ್ಣ ಚಿತ್ರ.
ಎಪಿಎಸ್-ಸಿ, 50 ಮಿ.ಮೀ.: ಸುಮಾರು 1.4 ಮೀಟರ್. ಕುರ್ಚಿಯಲ್ಲಿ ಕುಳಿತವರ ಪೂರ್ಣ ಚಿತ್ರ.
ಎಪಿಎಸ್-ಸಿ, 85 ಮಿ.ಮೀ.: ಸುಮಾರು 80 ಸೆಂ.ಮೀ. ಎದೆ ಅಥವಾ ಸೊಂಟದವರೆಗೆ ಮಾತ್ರ.
ಫುಲ್ ಫ್ರೇಮ್, 50 ಮಿ.ಮೀ.: ಸುಮಾರು 2.15 ಮೀಟರ್. ನಿಂತ ವ್ಯಕ್ತಿಯ ಪೂರ್ಣ ಚಿತ್ರ.
ಫುಲ್ ಫ್ರೇಮ್, 85 ಮಿ.ಮೀ.: ಸುಮಾರು 1.25 ಮೀಟರ್. ಕುಳಿತವರ ಚಿತ್ರ, ತುಸು ಬಿಗಿಯಾಗಿ.

ನಮ್ಮ ಬಳಗದವರೊಬ್ಬರು ಈ ಲೆಕ್ಕವನ್ನು ಮಾಡದೆ ಎಪಿಎಸ್-ಸಿ ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್ ಕೊಂಡುತಂದರು. ಮೊದಲ ದಿನವೇ ತಂದೆ ತಾಯಿಯರನ್ನು ಜೊತೆಯಾಗಿ ಚೌಕಟ್ಟಿಗೆ ತರಲು ಹಿಂದಕ್ಕೆ ಸರಿಯುತ್ತ ಹೋಗಿ, ಕೊನೆಗೆ ಬಾಗಿಲು ದಾಟಿ ಮೆಟ್ಟಿಲ ಬಳಿ ನಿಲ್ಲಬೇಕಾಯಿತು. ಆರಡಿ ಎತ್ತರದ ವ್ಯಕ್ತಿಯ ಪೂರ್ಣ ಚಿತ್ರಕ್ಕೆ ಆ ಜೋಡಿಗೆ ಆರೂವರೆ ಮೀಟರಿಗಿಂತ ಹೆಚ್ಚು ದೂರ ಬೇಕು. ಊರಿನ ಮನೆಯ ಅಂಗಳದಲ್ಲಿ ಅದು ಕಷ್ಟವಲ್ಲ. ಜಗಲಿಯ ಮೇಲೆ ಅಜ್ಜಿಯನ್ನು ಕೂರಿಸಿ ಅಂಗಳದಿಂದ ತೆಗೆಯಲು 85 ಮಿ.ಮೀ. ಬಹಳ ಸೊಗಸಾದ ಲೆನ್ಸು. ಫ್ಲಾಟಿನೊಳಗೆ ಮಾತ್ರ ಅದು ಕೈ ಕಟ್ಟಿಹಾಕುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆಯನ್ನು ಎಲ್ಲರೂ ಮನೆಯಲ್ಲಿಯೇ ಮಾಡಬಹುದು. ಕಿಟ್ ಲೆನ್ಸಿನ ಉಂಗುರವನ್ನು 50ಕ್ಕೆ ತಿರುಗಿಸಿ, ಅಲುಗದಂತೆ ಒಂದು ಅಂಟುಪಟ್ಟಿ ಹಚ್ಚಿ. ಒಂದು ವಾರ ಮನೆಯವರ ಚಿತ್ರಗಳನ್ನು ಅದರಲ್ಲಿಯೇ ತೆಗೆಯಿರಿ. ಮುಂದಿನ ವಾರ 35ಕ್ಕೆ ತಿರುಗಿಸಿ ಹಾಗೆಯೇ ಮಾಡಿ. ನಿಮ್ಮ ಮನೆಗೆ ಯಾವುದು ಒಗ್ಗುತ್ತದೆಂಬುದನ್ನು ಆ ಚಿತ್ರಗಳೇ ಹೇಳುತ್ತವೆ, ಒಂದು ಪೈಸೆಯ ಖರ್ಚಿಲ್ಲದೆ.

ಯಾವ ಕ್ಯಾಮೆರಾಕ್ಕೆ ಯಾವ ಲೆನ್ಸ್?

ಬೆಲೆಗಳು ಆಗಾಗ ಬದಲಾಗುವುದರಿಂದ ನಾವಿಲ್ಲಿ ಅಂಕಿಗಳನ್ನು ಕೊಡುತ್ತಿಲ್ಲ. ಸ್ಥೂಲವಾಗಿ ಹೇಳುವುದಾದರೆ ಒಂದೇ ಕಂಪೆನಿಯ 85 ಮಿ.ಮೀ. ಎಫ್/1.8 ಲೆನ್ಸಿಗೆ ಅದರ 50 ಮಿ.ಮೀ. ಎಫ್/1.8ರ ಎರಡು ಮೂರು ಪಟ್ಟು ಬೆಲೆ ಇರುವುದು ಸಾಮಾನ್ಯ.

ಕ್ಯಾನನ್: ಇಎಫ್ 50 ಮಿ.ಮೀ. ಎಫ್/1.8 ಮೊದಲು ಬಂದದ್ದು 1987ರಲ್ಲಿ, ಎರಡನೆಯ ಆವೃತ್ತಿ 1990ರಲ್ಲಿ, ಎಸ್‌ಟಿಎಂ ಎಂಬ ಮೂರನೆಯದು 2015ರಲ್ಲಿ. ಎರಡನೆಯದರಲ್ಲಿ ಕ್ಯಾಮೆರಾಕ್ಕೆ ಜೋಡಿಸುವ ಭಾಗವೂ ಪ್ಲಾಸ್ಟಿಕ್, ಫೋಕಸ್ ಮಾಡುವಾಗ ಸದ್ದು ಹೆಚ್ಚು. ಮೂರನೆಯದರಲ್ಲಿ ಆ ಭಾಗ ಲೋಹದ್ದು. ಅಪರ್ಚರಿನ ಎಸಳುಗಳು ಐದರ ಬದಲು ಏಳು. ತೂಕ ಸುಮಾರು 160 ಗ್ರಾಂ. ಹಳತನ್ನು ಕೊಳ್ಳುವಾಗ ಸಾಧ್ಯವಾದಷ್ಟೂ ಮೂರನೆಯದನ್ನೇ ಆರಿಸಿಕೊಳ್ಳಿ. ಇದು ಕ್ಯಾನನ್ನಿನ ಎಲ್ಲ ಇಓಎಸ್ ಡಿಎಸ್‌ಎಲ್‌ಆರ್‌ಗಳಿಗೂ ಹೊಂದುತ್ತದೆ. ಅಡಾಪ್ಟರ್ ಇದ್ದರೆ ಕನ್ನಡಿಯಿಲ್ಲದ ಆರ್ ಸರಣಿಯ ಕ್ಯಾಮೆರಾಗಳಲ್ಲಿಯೂ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ. ಆರ್ ಸರಣಿಗೆಂದೇ ಆರ್‌ಎಫ್ 50 ಮಿ.ಮೀ. ಎಫ್/1.8 ಲೆನ್ಸು 2020ರಲ್ಲಿ ಬಂದಿದೆ.

ನಿಕಾನ್: ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಎಎಫ್ 50 ಮಿ.ಮೀ. ಎಫ್/1.8 ಡಿ ಲೆನ್ಸಿನಲ್ಲಿ ಮೋಟಾರು ಇಲ್ಲ. ಅದು ಕ್ಯಾಮೆರಾದ ಮೋಟಾರನ್ನು ಅವಲಂಬಿಸಿದೆ. ಡಿ40, ಡಿ60, ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆ ಮೋಟಾರು ಇಲ್ಲವಾದುದರಿಂದ ಅವುಗಳಲ್ಲಿ ಈ ಲೆನ್ಸ್ ತಾನಾಗಿ ಫೋಕಸ್ ಮಾಡುವುದಿಲ್ಲ. ಅಗ್ಗವೆಂದು ಕೊಂಡು ಪಶ್ಚಾತ್ತಾಪ ಪಡುವ ಬದಲು 2011ರಲ್ಲಿ ಬಂದ ಎಎಫ್-ಎಸ್ 50 ಮಿ.ಮೀ. ಎಫ್/1.8 ಜಿ ಲೆನ್ಸನ್ನು ಆರಿಸುವುದು ಲೇಸು. ಜಾಗ ಬಹಳ ಕಡಿಮೆ ಇರುವವರಿಗೆ 2009ರ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8 ಜಿ ಇದೆ. ಕನ್ನಡಿಯಿಲ್ಲದ ಝಡ್ ಸರಣಿಯಲ್ಲಿ ಕೈಗೆಟುಕುವುದು 2021ರ 40 ಮಿ.ಮೀ. ಎಫ್/2. ಆ ಸರಣಿಯ 50 ಮಿ.ಮೀ. ಎಫ್/1.8 ಎಸ್ ಉನ್ನತ ಶ್ರೇಣಿಯದಾಗಿದ್ದು ದುಬಾರಿ, ಎಫ್/1.8 ಎಂದೊಡನೆ ಅಗ್ಗವೆಂದು ತಿಳಿಯಬಾರದು. ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಎಎಫ್-ಎಸ್ ಲೆನ್ಸುಗಳು ಝಡ್ ಕ್ಯಾಮೆರಾದಲ್ಲಿ ಆಟೋಫೋಕಸ್ ಮಾಡುತ್ತವೆ, ಹಳೆಯ ಡಿ ಲೆನ್ಸು ಮಾಡುವುದಿಲ್ಲ.

ಸೋನಿ: ಆಲ್ಫಾ 6000 ಸರಣಿಯಂತಹ ಎಪಿಎಸ್-ಸಿ ಕ್ಯಾಮೆರಾಗಳಿಗೆ ಇ 50 ಮಿ.ಮೀ. ಎಫ್/1.8 ಓಎಸ್‌ಎಸ್ ಒಳ್ಳೆಯ ಆಯ್ಕೆ. ಕೈನಡುಕವನ್ನು ಸರಿದೂಗಿಸುವ ಏರ್ಪಾಡು ಲೆನ್ಸಿನಲ್ಲಿಯೇ ಇದೆ. ಫುಲ್ ಫ್ರೇಮಿನವರಿಗೆ 2016ರ ಎಫ್‌ಇ 50 ಮಿ.ಮೀ. ಎಫ್/1.8 ಅಗ್ಗದ್ದು, ಆದರೆ ಅದರ ಫೋಕಸ್ ನಿಧಾನ. ಸಾಧ್ಯವಿರುವವರು 2017ರ ಎಫ್‌ಇ 85 ಮಿ.ಮೀ. ಎಫ್/1.8ರವರೆಗೆ ಕಾದು ಹಣ ಕೂಡಿಸುವುದು ಉತ್ತಮ.

ಫ್ಯೂಜಿಫಿಲ್ಮ್ ಮತ್ತು ಮೈಕ್ರೋ ಫೋರ್ ಥರ್ಡ್ಸ್: ಫ್ಯೂಜಿಯಲ್ಲಿ ಮಿತವ್ಯಯಕ್ಕೆ 2020ರ ಎಕ್ಸ್‌ಸಿ 35 ಮಿ.ಮೀ. ಎಫ್/2, ಭಾವಚಿತ್ರಕ್ಕೇ ಆದರೆ 2017ರ ಎಕ್ಸ್‌ಎಫ್ 50 ಮಿ.ಮೀ. ಎಫ್/2. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2011ರ ಒಲಿಂಪಸ್ 45 ಮಿ.ಮೀ. ಎಫ್/1.8 ಅಥವಾ 2015ರ ಪ್ಯಾನಾಸೋನಿಕ್ 42.5 ಮಿ.ಮೀ. ಎಫ್/1.7, ಎರಡೂ ಅಂಗೈಯಲ್ಲಿ ಅಡಗುವಷ್ಟು ಪುಟ್ಟವು.

ಎಫ್/1.4ಕ್ಕೆ ಹೆಚ್ಚು ಹಣ ಕೊಡಬೇಕೆ?

ಮನೆಯ ಭಾವಚಿತ್ರಕ್ಕೆ ಬೇಡವೆಂಬುದು ನಮ್ಮ ಅಭಿಪ್ರಾಯ. ಎಫ್/1.8ಕ್ಕಿಂತ ಎಫ್/1.4 ಒಳಬಿಡುವ ಬೆಳಕು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಗಾಜಿನ ಗಾತ್ರ, ತೂಕ, ಬೆಲೆ ಎಲ್ಲವೂ ಏರುತ್ತವೆ.

ಅಲ್ಲದೆ ಕಿಂಡಿ ತೆರೆದಷ್ಟೂ ಸ್ಪಷ್ಟವಾಗಿ ಮೂಡುವ ಆಳ ತೆಳುವಾಗುತ್ತದೆ. ಹಿನ್ನೆಲೆಯ ಕಪಾಟು, ಟಿವಿ, ಪರದೆಗಳೆಲ್ಲ ಮಸುಕಾಗಿ ಮುಖ ಎದ್ದುಕಾಣುವುದು ಈ ಗುಣದಿಂದಲೇ. ಅತಿಯಾದರೆ ಅದೇ ದೋಷವಾಗುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿನಿಂದ 1.4 ಮೀಟರ್ ದೂರದ ಮುಖವನ್ನು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟತೆಯ ಆಳ ಸುಮಾರು ಐದೂವರೆ ಸೆಂ.ಮೀ. ಮಾತ್ರ. ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಮಸುಕು. ಎಫ್/2.8ರಲ್ಲಿ ಅದು ಸುಮಾರು 9 ಸೆಂ.ಮೀ., ಎಫ್/4ರಲ್ಲಿ ಸುಮಾರು 12 ಸೆಂ.ಮೀ. ಆಗುತ್ತದೆ. ಒಬ್ಬರ ಮುಖಕ್ಕೆ ಎಫ್/2.8, ದಂಪತಿಗಳಿಗೆ ಎಫ್/4 ಎಂಬ ಸರಳ ಸೂತ್ರವನ್ನು ನೆನಪಿಟ್ಟುಕೊಂಡರೆ ಸಾಕು. ಎಫ್/1.8 ಲೆನ್ಸನ್ನು ಈ ಮಟ್ಟಕ್ಕೆ ಇಳಿಸಿ ಬಳಸಿದಾಗ ಅದರ ಚುರುಕು ದುಬಾರಿ ಲೆನ್ಸಿಗೆ ಬಹಳ ಹತ್ತಿರ ಬರುತ್ತದೆ.

ಹಳೆಯ ಲೆನ್ಸನ್ನು ಕೊಳ್ಳುವಾಗ

ಮುಂಬಯಿಯ ಫೋರ್ಟ್ ಪರಿಸರದ ಬೋರಾ ಬಜಾರ್, ದಿಲ್ಲಿಯ ಚಾಂದನಿ ಚೌಕದ ಕೂಚಾ ಚೌಧರಿಗಳಂತಹ ಕ್ಯಾಮೆರಾ ಪೇಟೆಗಳಿಗೆ ಹೋಗುವವರು ನಿಮ್ಮ ಕ್ಯಾಮೆರಾವನ್ನು ಜೊತೆಗೇ ಒಯ್ಯಿರಿ. ಬಳಸಿದ ಲೆನ್ಸಿನಿಂದ ಹಣ ಉಳಿಯುವುದು ನಿಜ, ಆದರೆ ಕೆಳಗಿನ ಪರೀಕ್ಷೆಗಳನ್ನು ಮಾಡದೆ ಹಣ ಕೊಡಬೇಡಿ.

ಒಂದು, ಲೆನ್ಸಿನ ಹಿಂಭಾಗದಿಂದ ಸಣ್ಣ ಟಾರ್ಚ್ ಬೆಳಕು ಹಾಯಿಸಿ ಮುಂಭಾಗದಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಮುಂಬಯಿ, ಚೆನ್ನೈಗಳಂತಹ ಕರಾವಳಿ ನಗರಗಳಲ್ಲಿ ಇದು ಸಾಮಾನ್ಯ. ಬೂಷ್ಟು ಗಾಜಿನ ಲೇಪವನ್ನೇ ತಿನ್ನುತ್ತದೆ. ಅಗ್ಗದ ಲೆನ್ಸಿನಲ್ಲಿ ಶುಚಿಮಾಡುವ ಖರ್ಚು ಲೆನ್ಸಿನ ಬೆಲೆಯನ್ನೇ ಮುಟ್ಟೀತು. ಅಂತಹುದನ್ನು ಬಿಟ್ಟುಬಿಡಿ. ಕೆಲವು ಧೂಳಿನ ಕಣಗಳಿಂದ ಚಿತ್ರಕ್ಕೆ ಹಾನಿಯಿಲ್ಲ.

ಎರಡು, ಅಪರ್ಚರಿನ ಎಸಳುಗಳ ಮೇಲೆ ಎಣ್ಣೆಯ ಜಿಡ್ಡು ಇದೆಯೇ ನೋಡಿ. ಎಫ್/8ರಲ್ಲಿ ಒಂದೇ ದೃಶ್ಯದ ನಾಲ್ಕೈದು ಚಿತ್ರ ತೆಗೆದಾಗ ಬೆಳಕು ಏರುಪೇರಾಗಿದ್ದರೆ ಎಸಳುಗಳು ಸರಿಯಾಗಿ ಮುಚ್ಚುತ್ತಿಲ್ಲವೆಂದರ್ಥ.

ಮೂರು, ಎಫ್/1.8ರಲ್ಲಿ ಅಂಗಡಿಯವರ ಕಣ್ಣಿಗೆ ಫೋಕಸ್ ಮಾಡಿ ಐದಾರು ಚಿತ್ರ ತೆಗೆದು ಪರದೆಯಲ್ಲಿ ಹಿಗ್ಗಿಸಿ ನೋಡಿ. ಫೋಕಸ್ ಪ್ರತಿಬಾರಿಯೂ ಹುಬ್ಬಿಗೋ ಕಿವಿಗೋ ಸರಿಯುತ್ತಿದ್ದರೆ ಆ ಲೆನ್ಸು ಬೇಡ.

ಹೊಸ ಲೆನ್ಸಾದರೆ ಬಿಲ್ಲು ಮತ್ತು ಭಾರತದಲ್ಲಿ ಸಲ್ಲುವ ವಾರಂಟಿ ಕಾರ್ಡನ್ನು ಕೇಳಿ ಪಡೆಯಿರಿ. ಮನೆಗೆ ತಂದ ಮೇಲೆ ಅದನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನೊಳಗೆ ಮರೆಯಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಅದನ್ನು ಆಗಾಗ ಬದಲಿಸುತ್ತಿರಿ. ಆಗಾಗ ಬಳಸುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ.

ಚಿತ್ರ ತೆಗೆಯುವ ಹೊತ್ತು

ಹಿರಿಯರನ್ನು ಕಿಟಕಿಗೆ ಓರೆಯಾಗಿ, ಬಿಸಿಲು ನೇರವಾಗಿ ಬೀಳದ ಕಡೆ ಕೂರಿಸಿ. ಕೋಣೆಯ ದೀಪಗಳನ್ನು ಆರಿಸಿ. ಕಿಟಕಿಯ ಬೆಳಕಿಗೂ ಬಲ್ಬಿನ ಬೆಳಕಿಗೂ ಬಣ್ಣ ಬೇರೆಯಾದುದರಿಂದ ಮುಖದ ಅರ್ಧ ಹಳದಿಯಾಗುತ್ತದೆ. ರಾತ್ರಿ ದೀಪದಲ್ಲಿಯೇ ತೆಗೆಯಬೇಕಾದರೆ ಷಟರ್ ವೇಗವನ್ನು 1/100 ಅಥವಾ 1/50 ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಕೆಲವು ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಬೇರೆ ವೇಗಗಳಲ್ಲಿ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಹಗಲಿನಲ್ಲಿ 1/125ಕ್ಕಿಂತ ನಿಧಾನ ಬೇಡ. ಫೋಕಸ್ ಬಿಂದುವನ್ನು ಹತ್ತಿರದ ಕಣ್ಣಿನ ಮೇಲೆ ಇರಿಸಿ. ಕ್ಯಾಮೆರಾ ಅವರ ಕಣ್ಣಿನ ಎತ್ತರದಲ್ಲಿರಲಿ. ಅದಕ್ಕಾಗಿ ನೀವು ಮೊಣಕಾಲೂರಬೇಕಾದೀತು. ಕನ್ನಡಕದಲ್ಲಿ ಕಿಟಕಿ ಪ್ರತಿಫಲಿಸಿದರೆ ಗಲ್ಲವನ್ನು ತುಸು ತಗ್ಗಿಸಲು ಹೇಳಿ. ಕನ್ನಡಕವನ್ನು ತೆಗೆಸಬೇಡಿ, ಮೊಮ್ಮಕ್ಕಳಿಗೆ ನೆನಪಿರುವುದು ಕನ್ನಡಕವಿರುವ ಮುಖವೇ.

ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಚಿತ್ರದ ವಸ್ತುವಾಗಿಸಿಕೊಂಡು 1977ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅವರ ಹಾದಿಯಿಂದ ನಾವು ಕಲಿಯಬಹುದಾದ ಒಂದು ಪಾಠವಿದೆ. ರೇಷ್ಮೆ ಸೀರೆ ಉಡಿಸಿ, ಕೈಕಟ್ಟಿ ಕೂರಿಸಿ ತೆಗೆದ ಚಿತ್ರದ ಜೊತೆಗೆ ಹೂ ಕಟ್ಟುತ್ತಿರುವ ಅಮ್ಮ, ಬೆಳಗಿನ ಪತ್ರಿಕೆ ಓದುತ್ತಿರುವ ಅಪ್ಪ ಇವರ ಚಿತ್ರಗಳನ್ನೂ ತೆಗೆಯಿರಿ. ಮಾತಿಗೆ ಎಳೆಯಿರಿ, ಊರಿನ ಸುದ್ದಿ ಬಂದಾಗ ಮುಖ ತಾನಾಗಿ ಅರಳುತ್ತದೆ.

ಮೊಬೈಲ್ ಸಾಲದೇ?

ಮೊಬೈಲಿನ ಮುಖ್ಯ ಕ್ಯಾಮೆರಾದ ನೋಟವು ಸಾಮಾನ್ಯವಾಗಿ ಫುಲ್ ಫ್ರೇಮಿನ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಅದರಲ್ಲಿ ಎದೆಯವರೆಗಿನ ಚಿತ್ರ ತುಂಬಿಕೊಳ್ಳಬೇಕಾದರೆ ಅರ್ಧ ಮೀಟರಿಗಿಂತ ಹತ್ತಿರ ಹೋಗಬೇಕು. ಆಗ ಮೇಲೆ ಹೇಳಿದ ಮೂಗಿನ ಲೆಕ್ಕ ಪೂರ್ತಿಯಾಗಿ ಅನ್ವಯಿಸುತ್ತದೆ. ಹಿನ್ನೆಲೆಯ ಮಸುಕನ್ನು ಗಣಕದ ಲೆಕ್ಕದಿಂದ ಮೂಡಿಸಬಹುದು, ಹತ್ತಿರದ ನಿಲುವನ್ನು ತಿದ್ದುವುದು ಅಷ್ಟು ಸುಲಭವಲ್ಲ. ಕ್ಯಾಮೆರಾ ಇಲ್ಲದವರು ಕೇವಲ ಈ ಕೆಲಸಕ್ಕಾಗಿ ಹೊಸ ಕ್ಯಾಮೆರಾ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಮೊಬೈಲಿನಲ್ಲಿ ಎರಡು ಅಥವಾ ಮೂರು ಪಟ್ಟಿನ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ, ಒಂದೂವರೆ ಮೀಟರ್ ದೂರ ನಿಂತು, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ.

ಯಾವುದರಲ್ಲಿ ತೆಗೆದರೂ ಮೂಲ ಕಡತವನ್ನು ಎರಡು ಕಡೆ ಉಳಿಸಿ, ಒಂದು ಪ್ರತಿಯನ್ನು ಮುದ್ರಿಸಿಡಿ. 8 x 10 ಅಂಗುಲದ ಉತ್ತಮ ಮುದ್ರಣಕ್ಕೆ 2400 x 3000 ಬಿಂದುಗಳು, ಅಂದರೆ ಸುಮಾರು 7 ಮೆಗಾಪಿಕ್ಸೆಲ್ ಸಾಕು. ಹತ್ತು ಹದಿನೈದು ವರ್ಷ ಹಳೆಯ ಕ್ಯಾಮೆರಾವೂ ಇದಕ್ಕೆ ಧಾರಾಳ. ವಾಟ್ಸಪ್ಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಇ-ಅಂಚೆಯಲ್ಲಿ ಕಳುಹಿಸಿ.

ಇಷ್ಟೆಲ್ಲವನ್ನೂ ಓದಿ ಲೆನ್ಸ್ ಕೊಳ್ಳಲು ಇನ್ನೊಂದು ಹಬ್ಬದ ರಿಯಾಯಿತಿಗೆ ಕಾಯುವ ಓದುಗರೂ ಇರಬಹುದು. ಅವರಲ್ಲಿ ನಮ್ಮ ಒಂದು ವಿನಂತಿ: ಲೆನ್ಸ್ ಕಾಯಲಿ, ಚಿತ್ರ ಕಾಯದಿರಲಿ. ಈ ಭಾನುವಾರವೇ ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿ, ಅಮ್ಮನನ್ನು ಕಿಟಕಿಯ ಬಳಿ ಕೂರಿಸಿ ಮೊದಲ ಚಿತ್ರವನ್ನು ತೆಗೆದುಬಿಡಿ. ಆ ಚಿತ್ರ ನಮ್ಮ ಶ್ರದ್ಧಾಂಜಲಿ ಅಂಕಣಕ್ಕೆ ಬರುವುದಕ್ಕಿಂತ ಮೊದಲು ಎಪ್ಪತ್ತೈದರ, ಎಂಬತ್ತರ ಹುಟ್ಟುಹಬ್ಬದ ಅಭಿನಂದನೆಯೊಂದಿಗೆ ಬರಲಿ ಎಂಬುದು ನಮ್ಮ ಹಾರೈಕೆ.